ನಕ್ಷೆಯ ದೂರ, ಟಿಕೆಟ್ಟಿನ ಗಂಟೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಕೇಳುವವರು ಹೆಚ್ಚಾಗಿ ನಿವೃತ್ತರು. ಮಗಳೋ ಸೊಸೆಯೋ ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಕಡೆ ಇರುತ್ತಾಳೆ, ಬಾಣಂತನಕ್ಕೆ ಹೊರಡಬೇಕು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು? ದೂರಕ್ಕೆ ಒಂದೇ ಮಾತಿನ ಉತ್ತರವಿದೆ: ಸುಮಾರು 14,000 ಕಿಲೋಮೀಟರ್. ಹೊತ್ತಿನ ವಿಷಯಕ್ಕೆ ಬಂದರೆ ನಾನು ತಡವರಿಸುತ್ತೇನೆ. ಹೋಗುವಾಗ ಒಂದು, ಬರುವಾಗ ಇನ್ನೊಂದು. ಜನವರಿಯಲ್ಲಿ ಒಂದು, ಜುಲೈನಲ್ಲಿ ಮತ್ತೊಂದು. ಎರಡು ಊರುಗಳ ನಡುವಿನ ದೂರ ಭೂಮಿಗೆ ಸೇರಿದ್ದು, ಅದು ಬದಲಾಗುವುದಿಲ್ಲ. ಹೊತ್ತು ಮಾತ್ರ ಗಾಳಿಗೆ, ಸರ್ಕಾರಗಳಿಗೆ ಮತ್ತು ವಿಮಾನ ಸಂಸ್ಥೆಯ ವೇಳಾಪಟ್ಟಿ ಬರೆಯುವವರಿಗೆ ಸೇರಿದ್ದು.

ಮೊದಲು ದೂರವನ್ನು ಮುಗಿಸಿಬಿಡೋಣ. ಗೋಡೆಗೆ ತಗುಲಿಸಿದ ಭೂಪಟದಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಸ್ಕೇಲಿಟ್ಟು ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿ ದಾಟಿ, ಪೆಸಿಫಿಕ್ ಸಾಗರದ ಮೇಲೆ ಸೀದಾ ಪೂರ್ವಕ್ಕೆ ಹೋಗುತ್ತದೆ. ಆ ಗೆರೆಯ ಉದ್ದ ಲೆಕ್ಕ ಹಾಕಿದರೆ 16,000 ಕಿ.ಮೀ. ದಾಟುತ್ತದೆ. ಅದೇ ಮೊಮ್ಮಗನ ಗ್ಲೋಬ್ ಮೇಲೆ ಒಂದು ದಾರವನ್ನು ಎರಡೂ ಊರುಗಳಿಗೆ ತಾಗಿಸಿ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್, ಚೀನಾದ ಪಶ್ಚಿಮ ಭಾಗ, ಮಂಗೋಲಿಯಾ, ಸೈಬೀರಿಯಾ, ಆರ್ಕ್ಟಿಕ್ ಸಮುದ್ರದ ದಂಡೆ, ಅಲಾಸ್ಕಾ, ಅಲ್ಲಿಂದ ಅಮೆರಿಕದ ಪಶ್ಚಿಮ ಕರಾವಳಿ. ಈ ದಾರದ ಅಳತೆಯೇ ಆ 14,000. ಗೋಡೆಯ ಭೂಪಟ ಉತ್ತರದ ದೇಶಗಳನ್ನು ಹಿಗ್ಗಿಸಿ ತೋರಿಸುತ್ತದಾದ್ದರಿಂದ ಸೈಬೀರಿಯಾ ಸುತ್ತು ದಾರಿಯಂತೆ ಕಾಣುತ್ತದೆ, ಅಷ್ಟೆ. ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ ಯಾವ ಎರಡು ಊರುಗಳ ನಡುವೆಯೂ 20,000ಕ್ಕಿಂತ ಹೆಚ್ಚು ದೂರ ಇರಲು ಸಾಧ್ಯವೇ ಇಲ್ಲ. ನಮ್ಮವರು ಮಕ್ಕಳನ್ನು ನೋಡಲು ಹೋಗುವುದು ಅದರ ಮುಕ್ಕಾಲಿಗೆ ಹತ್ತಿರ.

ಆದರೆ ದಾರ ಹೋದ ದಾರಿಯಲ್ಲಿ ವಿಮಾನ ಹೋಗುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ಹಿಮಾಲಯದ ಶಿಖರಗಳಿಗಿಂತ ವಿಮಾನ ಎತ್ತರದಲ್ಲೇ ಹಾರುತ್ತದೆ, ಡಿಕ್ಕಿಯ ಭಯವಿಲ್ಲ. ತೊಂದರೆ ಇರುವುದು ಬೇರೆ ಕಡೆ. ಹಾರುತ್ತಿರುವಾಗ ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ 10,000 ಅಡಿಗೆ, ಅಂದರೆ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಯಬೇಕು. ತಲೆಯ ಮೇಲಿಂದ ಬೀಳುವ ಮಾಸ್ಕ್‌ನಲ್ಲಿ ಆಮ್ಲಜನಕ ಇರುವುದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು. ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಹಾಗಾಗಿ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಲಕ್ಕೋ ಎಡಕ್ಕೋ ಬಿಟ್ಟು ಸಾಗುತ್ತವೆ. ದಾರಿ ಅಲ್ಲೇ ಕೆಲವು ನೂರು ಕಿ.ಮೀ. ಬೆಳೆಯುತ್ತದೆ.

ಇನ್ನು ಗಾಳಿ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಅಧ್ಯಾಯ ಇದೇ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಭೂಮಿಯ ಮಧ್ಯ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಇದರ ರಭಸ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ವಿಮಾನ ಗಾಳಿಯೊಳಗೆ ಗಂಟೆಗೆ 900 ಕಿ.ಮೀ. ಓಡುತ್ತದೆ ಅಂದುಕೊಳ್ಳಿ. ಬೆನ್ನ ಹಿಂದಿನಿಂದ 150ರ ಗಾಳಿ ತಳ್ಳಿದರೆ ನೆಲದ ಲೆಕ್ಕದಲ್ಲಿ ಅದು 1,050. ಅದೇ ಗಾಳಿ ಎದುರಾದರೆ 750. ಎಂಟು ಸಾವಿರ ಕಿ.ಮೀ. ದಾರಿಗೆ ಒಂದು ಕಡೆ ಏಳೂವರೆ ಗಂಟೆ ಚಿಲ್ಲರೆ, ಇನ್ನೊಂದು ಕಡೆ ಹತ್ತೂವರೆ ದಾಟುತ್ತದೆ. ದಾರಿಯುದ್ದಕ್ಕೂ ಗಾಳಿ ಒಂದೇ ಸಮ ಇರುವುದಿಲ್ಲವಾದ್ದರಿಂದ ನಿಜದಲ್ಲಿ ವ್ಯತ್ಯಾಸ ಇಷ್ಟಾಗುವುದಿಲ್ಲ. ಆದರೂ ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವಾಗ ಒಂಬತ್ತು ಒಂಬತ್ತೂವರೆ ಗಂಟೆಯಾದರೆ ಮರಳುವಾಗ ಹನ್ನೊಂದರ ಹತ್ತಿರ ಬರುತ್ತದೆ.

ಇದನ್ನು ಲಾಭಕ್ಕೆ ತಿರುಗಿಸಿಕೊಂಡ ಚೆಂದದ ಉದಾಹರಣೆ ನಮ್ಮ ದೇಶದ್ದೇ ಇದೆ. ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ ಶುರುಮಾಡಿದಾಗ ಅದು ಪಶ್ಚಿಮಕ್ಕೆ, ಯುರೋಪ್ ಮತ್ತು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. ಮರುವರ್ಷ ಅಕ್ಟೋಬರಿನಲ್ಲಿ ದಿಕ್ಕನ್ನೇ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಕಳಿಸಿದರು. ದಾರಿ ಸುಮಾರು 1,400 ಕಿ.ಮೀ. ಹೆಚ್ಚಾಗಿ 15,300ಕ್ಕೆ ಏರಿತು. ಪ್ರಯಾಣದ ಹೊತ್ತು ಹೆಚ್ಚುಕಡಿಮೆ ಎರಡು ಗಂಟೆ ಇಳಿದು ಹದಿನಾಲ್ಕೂವರೆಗೆ ಬಂತು! ಸರಾಸರಿ ಲೆಕ್ಕ ಹಾಕಿ ನೋಡಿ, ಗಂಟೆಗೆ 1,050 ಕಿ.ಮೀ. ಮರಳುವಾಗಲೂ ಪೂರ್ವಕ್ಕೇ ಹೊರಟು ಅಟ್ಲಾಂಟಿಕ್ ದಾಟಿ ದೆಹಲಿಗೆ ಬಂದರೆ ಆ ವಿಮಾನ ಭೂಮಿಗೊಂದು ಪ್ರದಕ್ಷಿಣೆ ಹಾಕಿದಂತಾಯಿತು, ಎರಡೂ ಸಲ ಗಾಳಿ ಬೆನ್ನಿಗೇ. ತುಂಬಿದ ಹೊಳೆಯಲ್ಲಿ ಹರಿಗೋಲು ನಡೆಸುವವನು ಎದುರು ದಡವನ್ನು ನೋಡಿ ಹುಟ್ಟು ಹಾಕುವುದಿಲ್ಲ, ಸೆಳವು ಎಲ್ಲಿದೆ ಎಂದು ನೋಡುತ್ತಾನಲ್ಲ, ಥೇಟ್ ಹಾಗೆ. ವಿಮಾನ ಸಂಸ್ಥೆಗಳಲ್ಲಿ ಈ ಲೆಕ್ಕಕ್ಕೆಂದೇ ಜನ ಕೂತಿರುತ್ತಾರೆ. ಹೊರಡುವ ಕೆಲವು ಗಂಟೆ ಮೊದಲು ಅಂದಿನ ಗಾಳಿಯ ಮಾಹಿತಿ ಹಾಕಿ ಅಂದಿನ ದಾರಿ ತೆಗೆಯುತ್ತಾರೆ. ನಿನ್ನೆ ಹೋದ ದಾರಿಯಲ್ಲೇ ಇವತ್ತೂ ಹೋಗುತ್ತದೆಂಬ ಖಾತರಿಯಿಲ್ಲ.

ಇಲ್ಲಿ ಸದಾ ಏಳುವ ಒಂದು ಅನುಮಾನಕ್ಕೆ ಉತ್ತರಿಸಿ ಮುಂದೆ ಹೋಗುತ್ತೇನೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ, ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿದೆ. ಹಾಗಿದ್ದರೆ ವಿಮಾನ ಮೇಲಕ್ಕೆದ್ದು ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರಬೇಕಲ್ಲವೇ ಎಂದು ಒಬ್ಬ ಮೇಷ್ಟರು ಕೇಳಿದ್ದರು. ಬರುವುದಿಲ್ಲ. ಗಾಳಿಯೂ ಭೂಮಿಯ ಜತೆಗೇ ತಿರುಗುತ್ತಿದೆ, ಗಾಳಿಯೊಳಗಿನ ವಿಮಾನವೂ. ಆದರೆ ಮೇಷ್ಟರ ಅನುಮಾನದಲ್ಲಿ ಸತ್ಯದ ಒಂದು ತುಣುಕು ಇದೆ. ಸಮಭಾಜಕದ ಕಡೆಯಿಂದ ಧ್ರುವದತ್ತ ಹೊರಟ ಬಿಸಿಗಾಳಿಯನ್ನು ಪೂರ್ವಕ್ಕೆ ಬಾಗಿಸಿ ಜೆಟ್ ಸ್ಟ್ರೀಮ್ ಮಾಡುವುದು ಭೂಮಿಯ ಆ ತಿರುಗಾಟವೇ.

ಸೀಟಿನ ಎದುರಿನ ಪರದೆಯಲ್ಲಿ ಸಿನಿಮಾ ಬಿಟ್ಟು ನಕ್ಷೆ ಹಾಕಿಕೊಂಡು ಕೂರುವವರ ಪೈಕಿ ನಾನೊಬ್ಬ. ಪೆಸಿಫಿಕ್ ಮೇಲೆ ನೆಲದ ವೇಗ 1,100 ಅಂತ ತೋರಿಸುವಾಗ ಒಳಗೆ ಏನೂ ಗೊತ್ತಾಗುವುದಿಲ್ಲ, ಕಾಫಿ ಕೂಡ ಅಲುಗುವುದಿಲ್ಲ. ಆ ಹೊಳೆಯ ಅಂಚಿಗೆ ಬಂದಾಗ ಮಾತ್ರ ವಿಮಾನ ಕುಲುಕುತ್ತದೆ, ಬೆಲ್ಟಿನ ದೀಪ ಹತ್ತುತ್ತದೆ, ಪಕ್ಕದ ಸೀಟಿನ ಅಜ್ಜಿ ರಾಯರನ್ನು ನೆನೆಯುತ್ತಾರೆ. ಬೇಗ ತಲುಪಿಸುವ ಗಾಳಿಯೇ ಕುಲುಕುವ ಗಾಳಿಯೂ ಹೌದು ಎಂದು ಅವರಿಗೆ ಹೇಳಿದರೆ ಸಮಾಧಾನವಾಗುತ್ತದೆ. ಆಗದಿದ್ದವರೂ ಇದ್ದಾರೆ.

ಅಮೆರಿಕದಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಇದೇ ಗಾಳಿಯನ್ನು ತಪ್ಪಿಸಿಕೊಳ್ಳಬೇಕಾಗಬಹುದು. ಅದಕ್ಕೊಂದು ಉಪಾಯ ಇನ್ನೂ ಉತ್ತರಕ್ಕೆ, ಗಾಳಿಯ ಹೊಳೆಯೇ ಇಲ್ಲದ ಕಡೆಗೆ ಹೋಗುವುದು. 2021ರ ಜನವರಿ 9ರಂದು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಯ ನಂತರ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಎರಡೂ ನಗರಗಳ ನಡುವಿನ ಮೊದಲ ನೇರ ವಿಮಾನ ಅದು. ಪತ್ರಿಕೆಗಳಲ್ಲಿ ಸಂಭ್ರಮದ ಸುದ್ದಿ ಬಂತು, ಬರಬೇಕಾದದ್ದೇ. ಧ್ರುವದ ಮೇಲೆ ಹಾರುವುದು ಬರೀ ದಾರಿ ಉಳಿಸುವ ಕೆಲಸವಾಗಿರಲಿಲ್ಲ. ವಿಮಾನದ ಇಂಧನ, ಅದರ ಬಗೆಗೆ ತಕ್ಕಂತೆ, ಶೂನ್ಯಕ್ಕಿಂತ 40ರಿಂದ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಆ ಎತ್ತರದಲ್ಲಿ, ಆ ಅಕ್ಷಾಂಶದಲ್ಲಿ ಹೊರಗಿನ ಚಳಿ ಅದಕ್ಕಿಂತ ಕೆಳಗೆ ಹೋಗುವುದುಂಟು. ಟ್ಯಾಂಕಿನ ಉಷ್ಣತೆ ಇಳಿಯುತ್ತಿದ್ದರೆ ಪೈಲಟ್ ವೇಗ ಹೆಚ್ಚಿಸಬೇಕು, ಇಲ್ಲವೇ ಸ್ವಲ್ಪ ಬೆಚ್ಚಗಿನ ಗಾಳಿ ಹುಡುಕಿಕೊಂಡು ಕೆಳಗಿಳಿಯಬೇಕು. ದಿಕ್ಸೂಚಿಯೂ ಅಲ್ಲಿ ನಂಬಿಕೆಗೆ ಅರ್ಹವಲ್ಲ.

ಇಷ್ಟು ದೂರಕ್ಕೆ ಇಂಧನ ಎಷ್ಟು ಬೇಕು ಎಂಬುದೂ ಕೇಳುವಂಥ ಮಾತೇ. ಆ ದಿನ ಹಾರಿದ ಬೋಯಿಂಗ್ 777ರ ಮಾದರಿ ಗರಿಷ್ಠ 347 ಟನ್ ತೂಕದೊಂದಿಗೆ ಮೇಲೇಳಬಲ್ಲದು. ಟ್ಯಾಂಕ್ ತುಂಬಿದರೆ ಇಂಧನವೇ ಸುಮಾರು 145 ಟನ್. ಅಂದರೆ ಹತ್ತರಲ್ಲಿ ನಾಲ್ಕು ಪಾಲು ತೂಕ ಇಂಧನದ್ದು, ಅದರಲ್ಲೂ ಒಂದು ಭಾಗ ಮಿಕ್ಕ ಇಂಧನವನ್ನು ಹೊರುವುದಕ್ಕೇ ಉರಿದುಹೋಗುತ್ತದೆ. ಬೆಂಗಳೂರಿಗೆ ಇನ್ನೊಂದು ತಾಪತ್ರಯವಿದೆ. ದೇವನಹಳ್ಳಿಯ ನಿಲ್ದಾಣ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲೆ. ಎತ್ತರದ ಗಾಳಿ ತೆಳು, ಬೇಸಿಗೆಯ ಮಧ್ಯಾಹ್ನದ ಗಾಳಿ ಇನ್ನೂ ತೆಳು. ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಕಸುವು ಕಡಿಮೆ. ರನ್‌ವೇ ನಾಲ್ಕು ಕಿ.ಮೀ. ಉದ್ದವಿದ್ದರೂ ಇಂಥ ದೂರದ ವಿಮಾನಕ್ಕೆ ಸರಕನ್ನೋ ಸೀಟನ್ನೋ ಒಂದಿಷ್ಟು ಖಾಲಿ ಬಿಡುವ ಪ್ರಸಂಗ ಬರುತ್ತದೆ. ನಮ್ಮ ಊರಿನ ಹವೆಯನ್ನು ಹೊಗಳುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ಗಾಳಿ, ಚಳಿ, ತೂಕ ಇವೆಲ್ಲ ಪ್ರಕೃತಿಯ ಕಟ್ಟಳೆ. ಇದರ ಮೇಲೆ ಮನುಷ್ಯರದ್ದೊಂದು ಕಟ್ಟಳೆ ಇದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ಮತ್ತು ಯುರೋಪಿನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಗ್ಲೋಬ್ ಮೇಲಿನ ದಾರವನ್ನು ನೆನಪಿಸಿಕೊಳ್ಳಿ, ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹತ್ತಿರದ ದಾರಿಯ ದೊಡ್ಡ ಪಾಲು ಸೈಬೀರಿಯಾದ ಮೇಲೇ. ಯುನೈಟೆಡ್ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಬಿಡುವುದಾಗಿ 2020ರಲ್ಲಿ ಘೋಷಿಸಿದ್ದವು. ಮೊದಲು ಕೋವಿಡ್ ಬಂತು, ಆಮೇಲೆ ಈ ನಿರ್ಬಂಧ. ಘೋಷಣೆ ಘೋಷಣೆಯಾಗಿಯೇ ಉಳಿಯಿತು. ಭಾರತದ ವಿಮಾನಗಳಿಗೆ ರಷ್ಯಾ ತೆರೆದೇ ಇತ್ತು. ಆ ಅನುಕೂಲಕ್ಕೂ ಒಂದು ಬೆಲೆಯಿದೆ ಎಂದು 2023ರ ಜೂನ್‌ನಲ್ಲಿ ಗೊತ್ತಾಯಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ಮೂಲೆಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಭಾರತದಿಂದ ಬದಲಿ ವಿಮಾನ ಹೋಗಿ ಕರೆದೊಯ್ಯುವವರೆಗೆ ಅವರಲ್ಲಿ ಅನೇಕರು ತಾತ್ಕಾಲಿಕ ವಸತಿಗಳಲ್ಲಿ ಕಾಲ ಕಳೆದರು. ಇನ್ನು 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೊರಡುವವರ ಗಂಟೆಗಳು ಹೆಚ್ಚಾದವು. ದೂರ ತೋರಿಸುವ ಯಾವ ಕೋಷ್ಟಕದಲ್ಲೂ ಇದು ಇರುವುದಿಲ್ಲ.

ನೇರ ವಿಮಾನಗಳು ಇರುವ ಕಾಲ ಉಂಟು, ಇಲ್ಲದ ಕಾಲ ಉಂಟು. ವೇಳಾಪಟ್ಟಿ ವರ್ಷವರ್ಷ ಬದಲಾಗುತ್ತದೆ. ನಡುವೆ ಒಂದು ಕಡೆ ಇಳಿದು ಹೋಗುವುದಾದರೆ ಎಷ್ಟು ಸುತ್ತು? ಟೋಕಿಯೊ ಮೂಲಕ ಸುಮಾರು 14,900 ಕಿ.ಮೀ., ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,500ರ ಮೇಲೆ. ನಮ್ಮ ಜನರಿಗೆ ಅಮೆರಿಕ ಅಂದರೆ ಪಶ್ಚಿಮ, ಯುರೋಪ್ ದಾಟಿಯೇ ಹೋಗಬೇಕು ಎಂಬ ಅಭ್ಯಾಸ. ನ್ಯೂಯಾರ್ಕಿಗೆ ಅದು ಸರಿ. ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಪೂರ್ವವೇ ಹತ್ತಿರ. ದುಬೈನದ್ದು ಇನ್ನೊಂದು ತಮಾಷೆ: ಬೆಂಗಳೂರಿನಿಂದ ಪಶ್ಚಿಮಕ್ಕೆ 2,700 ಕಿ.ಮೀ. ಹೋದ ಮೇಲೂ ಸ್ಯಾನ್ ಫ್ರಾನ್ಸಿಸ್ಕೊ ಕೇವಲ ಸಾವಿರ ಕಿ.ಮೀ. ಹತ್ತಿರವಾಗಿರುತ್ತದೆ, ಇನ್ನೂ 13,000 ಉಳಿದಿರುತ್ತದೆ. ಆದರೂ ನನ್ನನ್ನು ಕೇಳಿದರೆ, ಎಪ್ಪತ್ತು ದಾಟಿದವರು ಇಂಥ ಸಾವಿರ ಎರಡು ಸಾವಿರ ಕಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಒಂದೆರಡು ಗಂಟೆಯ ಮಾತು. ನಡುವಿನ ನಿಲ್ದಾಣದಲ್ಲಿ ಒಂದೂಕಾಲು ಗಂಟೆಯ ಓಟವೋ, ಒಂಬತ್ತು ಗಂಟೆಯ ಕಾಯುವಿಕೆಯೋ ಎಂಬುದು ಅದಕ್ಕಿಂತ ದೊಡ್ಡದು. ಮೂರು ಗಂಟೆಯ ಬಿಡುವು ಸಿಕ್ಕರೆ ಕಾಲು ಚಾಚಿ, ಶೌಚಕ್ಕೆ ಹೋಗಿ, ಮುಂದಿನ ಗೇಟು ಹುಡುಕಿಕೊಳ್ಳುವುದಕ್ಕೆ ಹದವಾಗಿರುತ್ತದೆ. ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರುವುದಕ್ಕಿಂತ ಮಂಡಿನೋವಿನವರಿಗೆ ಇದು ವಾಸಿ. ಆದರೆ ಭಾಷೆಯ ಅಂಜಿಕೆ ಇರುವವರಿಗೆ, ಗೇಟು ಬದಲಿಸುವುದೇ ದೊಡ್ಡ ಭಯವಾಗಿರುವವರಿಗೆ ನೇರ ವಿಮಾನವೇ ಸರಿ. ವೀಲ್‌ಚೇರ್ ಕೇಳಲು ಸಂಕೋಚ ಬೇಡ, ಟಿಕೆಟ್ ತೆಗೆಯುವಾಗಲೇ ಬರೆಸಿಬಿಡಿ.

ಟಿಕೆಟ್ಟಿನಲ್ಲಿ ಮುದ್ರಿಸಿದ ಗಂಟೆಯ ಗುಟ್ಟು ಒಂದು ಬಾಕಿ ಇದೆ. ಅದು ಹಾರುವ ಹೊತ್ತಲ್ಲ. ವಿಮಾನದ ಚಕ್ರಕ್ಕೆ ಒತ್ತಿಟ್ಟ ಅಡೆಯನ್ನು ಇಲ್ಲಿ ತೆಗೆದ ಗಳಿಗೆಯಿಂದ ಅಲ್ಲಿ ಮತ್ತೆ ಒತ್ತಿಡುವ ಗಳಿಗೆಯವರೆಗೆ ಎಣಿಸಿದ್ದು. ರನ್‌ವೇಗೆ ತೆವಳುವುದು, ಸರದಿ ಕಾಯುವುದು, ಇಳಿಯುವ ಊರಿನ ಮೇಲೆ ಸುತ್ತುವುದು, ಎಲ್ಲ ಅದರೊಳಗೇ. ಜತೆಗೆ ಒಂದಿಷ್ಟು ಸಡಿಲ. ನಿಗದಿತ ಹೊತ್ತು ಮೀರಿ ಹದಿನೈದು ನಿಮಿಷದೊಳಗೆ ತಲುಪಿದರೂ ಸಮಯಕ್ಕೆ ಸರಿ ಎಂದು ಲೆಕ್ಕವಾಗುವುದರಿಂದ ಸಂಸ್ಥೆಗಳು ಮೊದಲೇ ಹೊತ್ತನ್ನು ಉದಾರವಾಗಿ ಬರೆದಿಡುತ್ತವೆ. 'ನಿಗದಿಗಿಂತ ಇಪ್ಪತ್ತು ನಿಮಿಷ ಮೊದಲೇ ತಲುಪಿದ್ದೇವೆ' ಎಂದು ಘೋಷಿಸಿದಾಗ ನಾನು ಚಪ್ಪಾಳೆ ತಟ್ಟುವುದಿಲ್ಲ. ದೇಶದೊಳಗೆ ಅಂದಾಜು ಬೇಕಿದ್ದರೆ ಒಂದು ಸುಲಭ ಲೆಕ್ಕವಿದೆ: ನೇರ ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿ. ದೆಹಲಿಗೆ 1,700 ಕಿ.ಮೀ., ಎರಡು ಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. ಮುಂಬೈ 840, ಲೆಕ್ಕಕ್ಕೆ ಒಂದೂವರೆ, ಅಲ್ಲಿನ ದಟ್ಟಣೆಗೆ ಇನ್ನೊಂದು ಕಾಲು ಗಂಟೆ. ಮಂಗಳೂರು 300; ಗಗನದಲ್ಲಿರುವುದು ಮುಕ್ಕಾಲು ಗಂಟೆಯಾದರೂ ಟಿಕೆಟ್ಟಿನಲ್ಲಿ ಒಂದರ ಮೇಲೆ ಇರುತ್ತದೆ. ಜಯನಗರದಿಂದ ದೇವನಹಳ್ಳಿಗೆ ಹೋಗುವ ಹೊತ್ತು, ಎರಡು ಗಂಟೆ ಮೊದಲೇ ಇರಬೇಕಾದ ನಿಯಮ, ಬಜ್ಪೆಯಿಂದ ಊರೊಳಗೆ ಬರುವ ದಾರಿ ಎಲ್ಲ ಕೂಡಿಸಿದರೆ ಐದು ಗಂಟೆ. ಶಿರಾಡಿ ಘಾಟಿಯ ಬಸ್ಸು ಅಷ್ಟೇನೂ ಸೋಲುವುದಿಲ್ಲ, ಮಳೆಗಾಲ ಒಂದನ್ನು ಬಿಟ್ಟರೆ.

ಕೊನೆಗೆ ಗಡಿಯಾರದ ಗೋಜಲು, ಏಕೆಂದರೆ ಮಕ್ಕಳಿಗೆ ಫೋನ್ ಮಾಡಿ ಗಾಬರಿಪಡಿಸುವುದು ಹೆಚ್ಚಾಗಿ ಇಲ್ಲಿಯೇ. ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೊಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್‌ನಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರಿನವರೆಗೆ ವ್ಯತ್ಯಾಸ ಹನ್ನೆರಡೂವರೆ. ಮಧ್ಯಾಹ್ನ ಎರಡೂವರೆಗೆ ಇಲ್ಲಿ ಬಿಟ್ಟು ಹದಿನಾರು ಗಂಟೆ ಹಾರಿದರೆ ಜನವರಿಯಲ್ಲಿ ಅದೇ ದಿನ ಸಂಜೆ ಐದಕ್ಕೆ ಅಲ್ಲಿ. ಟಿಕೆಟ್ ನೋಡಿದವರು ಎರಡೂವರೆ ಗಂಟೆಯ ಪ್ರಯಾಣವೇ ಎಂದು ಬೆರಗಾಗುತ್ತಾರೆ. ಬರುವಾಗ ಇದರ ಉಲ್ಟಾ. 2021ರ ಆ ವಿಮಾನ 9ನೇ ತಾರೀಖು ರಾತ್ರಿ ಎಂಟೂವರೆಗೆ ಹೊರಟು ಇಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಹೀಗಾಗಿ ಕರೆತರಲು ಹೋಗುವವರು ತಾರೀಖಿನ ಪಕ್ಕದಲ್ಲಿ ಸಣ್ಣದಾಗಿ ಮುದ್ರಿಸಿರುವ '+2' ಎಂಬುದನ್ನು ನೋಡಬೇಕು. ಸಕ್ಕರೆ ಕಾಯಿಲೆಯವರು ಇನ್ಸುಲಿನ್, ಮಾತ್ರೆಗಳನ್ನು ಯಾವ ಊರಿನ ಗಂಟೆಗೆ ತೆಗೆದುಕೊಳ್ಳಬೇಕೆಂದು ಹೊರಡುವ ವಾರ ಮೊದಲೇ ವೈದ್ಯರಿಂದ ಬರೆಸಿಕೊಂಡು, ಆ ಚೀಟಿಯನ್ನೂ ಔಷಧಿಯನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಹೋಗಲಿ, ಮಾತ್ರೆ ಬೇಡ.